ಆರು ಅಂತಸ್ತಿಗೆ ಅನುಮತಿ, ಹತ್ತು ವರ್ಷ ತೆರಿಗೆ ವಿನಾಯಿತಿ: ನಗರಸಭೆಯನ್ನು ಏನು ಕೇಳಬೇಕು?

ಪ್ರಶ್ನೆ: ನಾವು ನಗರದ ಹಳೆಯ ಬಡಾವಣೆಯೊಂದರಲ್ಲಿ ಸ್ವಂತ ಮನೆಯಲ್ಲಿ ವಾಸವಾಗಿದ್ದೇವೆ. ಇಲ್ಲಿರುವುದೆಲ್ಲ ಒಂದು ಅಥವಾ ಎರಡು ಅಂತಸ್ತಿನ ಮನೆಗಳು. ಬಡಾವಣೆಯ ಅಂಚಿನ ಮುಖ್ಯರಸ್ತೆಯ ಉದ್ದಕ್ಕೂ ಆರು ಅಂತಸ್ತಿನ ಕಟ್ಟಡಗಳಿಗೆ, ಒಳರಸ್ತೆಗಳ ಪ್ರತಿ ನಿವೇಶನದಲ್ಲಿ ಮೂರು ಮನೆಗಳಿಗೆ ಅನುಮತಿ ಕೊಡುವ ವಲಯ ತಿದ್ದುಪಡಿ ಈಗ ನಗರಸಭೆಯ ಮುಂದಿದೆ. ಅದೇ ಸಭೆಯಲ್ಲಿ, ಆ ರಸ್ತೆಯ ತುದಿಯಲ್ಲಿ ಮುಚ್ಚಿಹೋಗಿರುವ ಕಾರ್ಖಾನೆಯ ಜಾಗಕ್ಕೆ ಬರಲಿರುವ ದೊಡ್ಡ ಕಂಪನಿಯೊಂದಕ್ಕೆ ಹತ್ತು ವರ್ಷ ಪೂರ್ಣ ಆಸ್ತಿ ತೆರಿಗೆ ವಿನಾಯಿತಿ ನೀಡುವ ವಿಷಯವೂ ಇದೆ. ನನ್ನ ಪತಿ ಅದೇ ರಸ್ತೆಯಲ್ಲಿ ಸಣ್ಣ ಮುದ್ರಣಾಲಯ ನಡೆಸುತ್ತಾರೆ. ಒಂದು ವರ್ಷವೂ ತೆರಿಗೆ ಬಾಕಿ ಉಳಿಸಿಕೊಂಡವರಲ್ಲ. ನಮ್ಮ ಮನೆಯ ಬೆಲೆ ಬಿದ್ದುಹೋಗುತ್ತದೆಯೇ? ನೀರು, ಒಳಚರಂಡಿ ಇಷ್ಟು ಜನರನ್ನು ತಾಳಿಕೊಳ್ಳುತ್ತವೆಯೇ? ಕಂಪನಿ ಕಟ್ಟದ ತೆರಿಗೆಯನ್ನು ನಾವು ಕಟ್ಟಬೇಕಾಗುತ್ತದೆಯೇ? ಅಹವಾಲು ಸಭೆಯಲ್ಲಿ ಎರಡನ್ನೂ ವಿರೋಧಿಸಬೇಕೆಂದು ನೆರೆಹೊರೆಯವರು ಹೇಳುತ್ತಿದ್ದಾರೆ. ತಮ್ಮ ಸಲಹೆ ಏನು?

ಉತ್ತರ: ನಿಮ್ಮ ನಾಲ್ಕೂ ಪ್ರಶ್ನೆಗಳ ಹಿಂದೆ ಒಂದೇ ಆತಂಕವಿದೆ: ನಗರಸಭೆ ಯಾರಿಗೋ ಲಾಭ ಮಾಡಿಕೊಟ್ಟು, ಅದರ ಖರ್ಚನ್ನು ನಮ್ಮ ತಲೆಗೆ ಕಟ್ಟುತ್ತದೆಯೇ ಎಂಬುದು. ಈ ಆತಂಕ ನ್ಯಾಯವಾದದ್ದು, ಆದರೆ ಅದಕ್ಕೆ ಜನ ಕೊಡುವ ಕಾರಣಗಳಲ್ಲಿ ಕೆಲವು ಸರಿ, ಕೆಲವು ತಪ್ಪು. ನಗರಸಭೆಗಳಿಗಾಗಿ ವಲಯ ತಿದ್ದುಪಡಿಯ ವರದಿಗಳನ್ನೂ ತೆರಿಗೆ ವಿನಾಯಿತಿಯ ಲೆಕ್ಕಾಚಾರಗಳನ್ನೂ ಬಹುಕಾಲದಿಂದ ಸಿದ್ಧಪಡಿಸುತ್ತ ಬಂದವನಾಗಿ ನಾನು ಗಮನಿಸಿದ್ದು ಇಷ್ಟು: ಮೊದಲನೆಯದನ್ನು ನಗರ ಯೋಜನಾ ವಿಭಾಗ ಬರೆಯುತ್ತದೆ, ಎರಡನೆಯದನ್ನು ಹಣಕಾಸು ಅಥವಾ ಕೈಗಾರಿಕಾ ವಿಭಾಗ ಬರೆಯುತ್ತದೆ, ಸದಸ್ಯರು ಎರಡಕ್ಕೂ ಬೇರೆ ಬೇರೆಯಾಗಿ ಕೈ ಎತ್ತುತ್ತಾರೆ. ಆದರೆ ಹೊಸ ಜನರಿಗೆ ಬೇಕಾಗುವ ಕೊಳವೆ, ಚರಂಡಿ, ಶಾಲೆಗಳ ಖರ್ಚು ಹುಟ್ಟುವುದು ಮೊದಲ ನಿರ್ಣಯದಿಂದ. ಆ ಖರ್ಚಿಗೆ ಒದಗಬೇಕಾದ ಆದಾಯ ಇಲ್ಲವಾಗುವುದು ಎರಡನೆಯದರಿಂದ. ನಿಮ್ಮ ಊರಿನಲ್ಲಿ ಎರಡೂ ಒಂದೇ ರಸ್ತೆಯ ಮೇಲೆ, ಒಂದೇ ದಿನ ಬಂದಿರುವುದರಿಂದ ಅವುಗಳನ್ನು ಜೊತೆಯಾಗಿಟ್ಟು ನೋಡುವ ಅವಕಾಶ ನಿಮಗೆ ಸಿಕ್ಕಿದೆ.

ಮೊದಲು ಸಾಂದ್ರತೆಯ ವಿಷಯ, ಅಂದರೆ ಇಷ್ಟು ಜಾಗದಲ್ಲಿ ಎಷ್ಟು ಮನೆ, ಎಷ್ಟು ಜನ ಎಂಬುದು. ಕಟ್ಟಡದ ಎತ್ತರವನ್ನೂ ಬಳಕೆಯನ್ನೂ ನಗರವಿಡೀ ನಿಯಂತ್ರಿಸುವ ಆಧುನಿಕ ವಲಯ ನಿಯಮಗಳಲ್ಲಿ ಪ್ರಸಿದ್ಧವಾದದ್ದು ನ್ಯೂಯಾರ್ಕ್ ನಗರ 1916ರಲ್ಲಿ ತಂದದ್ದು. ಅದಕ್ಕೆ ಹಿಂದಿನ ವರ್ಷ ಅಲ್ಲಿ ಪೂರ್ಣಗೊಂಡಿದ್ದ, ಸುಮಾರು 40 ಅಂತಸ್ತಿನ ಈಕ್ವಿಟಬಲ್ ಕಟ್ಟಡ ತನ್ನ ನಿವೇಶನದ ಸುಮಾರು 30 ಪಟ್ಟು ನೆಲವಿಸ್ತೀರ್ಣವನ್ನು ಹೊಂದಿತ್ತು. ಎಲ್ಲಿಯೂ ಹಿಂದೆ ಸರಿಯದೆ ನೆಟ್ಟಗೆ ಮೇಲೆದ್ದು ಸುತ್ತಲಿನ ಬೀದಿಗಳ ಬೆಳಕನ್ನು ಮುಚ್ಚಿತ್ತು. ಬೆಳಕು, ಗಾಳಿ ಬೇಕೆಂಬ ಆ ದೂರಿನಲ್ಲಿ ಹುರುಳಿತ್ತು. ಹತ್ತು ವರ್ಷಗಳ ನಂತರ, 1926ರಲ್ಲಿ, ಓಹಾಯೋ ರಾಜ್ಯದ ಯೂಕ್ಲಿಡ್ ಎಂಬ ಊರಿನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ವಲಯ ನಿಯಮಗಳನ್ನು ಎತ್ತಿಹಿಡಿಯಿತು. ಆ ತೀರ್ಪು ಒಂಟಿಮನೆಗಳ ನಡುವೆ ಬರುವ ಅಪಾರ್ಟ್‌ಮೆಂಟನ್ನು ಬಡಾವಣೆಯ ಸೊಬಗನ್ನು ಹೀರಿ ಬದುಕುವ ಪರಾವಲಂಬಿಯೆಂಬಂತೆ ವರ್ಣಿಸಿತ್ತು. ಇದನ್ನು ಪ್ರಸ್ತಾಪಿಸುವುದಕ್ಕೆ ಕಾರಣವಿದೆ. ಅಂದಿನಿಂದ ಇಂದಿನವರೆಗೆ ವಲಯ ನಿಯಮದ ಚರ್ಚೆಯಲ್ಲಿ ಎರಡು ಬಗೆಯ ವಾದಗಳು ಬೆರೆತುಕೊಂಡೇ ಬಂದಿವೆ. ಬೆಳಕು, ನೀರು, ಬೆಂಕಿಯ ಸುರಕ್ಷತೆಯಂತಹ, ಅಳೆದು ನೋಡಬಹುದಾದ ವಾದಗಳು ಒಂದು ಕಡೆ, ಬಾಡಿಗೆದಾರರು ಬಂದರೆ ಬಡಾವಣೆ ಕೆಡುತ್ತದೆ ಎಂಬ ಪೂರ್ವಗ್ರಹ ಇನ್ನೊಂದು ಕಡೆ. ಅಹವಾಲು ಸಭೆಯಲ್ಲಿ ನೀವು ಮೊದಲ ಬಗೆಯದನ್ನು ಮಾತ್ರ ಹಿಡಿದುಕೊಳ್ಳಿ. ಎರಡನೆಯದು ನ್ಯಾಯವೂ ಅಲ್ಲ, ನಿಮ್ಮ ಪಕ್ಷಕ್ಕೆ ಬಲವನ್ನೂ ತರುವುದಿಲ್ಲ.

ಎತ್ತರವೆಂದರೆ ಸಾಂದ್ರತೆ ಎಂಬ ಭಾವನೆಯನ್ನು ಮೊದಲು ಬಿಡಬೇಕು. ಪ್ಯಾರಿಸ್ ನಗರದ ಬಹುಭಾಗ ಆರೇಳು ಅಂತಸ್ತಿನ ಕಟ್ಟಡಗಳಿಂದ ಕೂಡಿದೆ, ಆದರೂ ಅಲ್ಲಿ ಪ್ರತಿ ಚದರ ಕಿಲೋಮೀಟರಿಗೆ ಸುಮಾರು 20,000 ಜನ ವಾಸಿಸುತ್ತಾರೆ. ವಿಶಾಲವಾದ ಖಾಲಿ ಜಾಗದ ನಡುವೆ ಇಪ್ಪತ್ತು ಅಂತಸ್ತಿನ ಗೋಪುರಗಳನ್ನು ನಿಲ್ಲಿಸಿದ ಎಷ್ಟೋ ಬಡಾವಣೆಗಳಲ್ಲಿ ಅದಕ್ಕಿಂತ ಕಡಿಮೆ ಜನರಿರುತ್ತಾರೆ. ನಿವೇಶನದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ನೆಲ ಕಟ್ಟಬಹುದು ಎಂಬುದನ್ನು ಹೇಳುವ ಎಫ್‌ಎಆರ್, ನಿವೇಶನದ ಎಷ್ಟು ಭಾಗವನ್ನು ಕಟ್ಟಡ ಆವರಿಸಬಹುದು ಎಂಬ ಮಿತಿ, ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್, ವಾಹನ ನಿಲುಗಡೆಯ ಕನಿಷ್ಠ ಪ್ರಮಾಣ ಇವು ನಾಲ್ಕೂ ಸೇರಿ ನಿಜವಾದ ಸಾಂದ್ರತೆಯನ್ನು ನಿರ್ಧರಿಸುತ್ತವೆ. ‘ಆರು ಅಂತಸ್ತು’ ಎಂಬ ಪದಗಳಷ್ಟೇ ಪ್ರಸ್ತಾವದಲ್ಲಿದ್ದು ಎಫ್‌ಎಆರ್ ಹಳೆಯದೇ ಉಳಿದಿದ್ದರೆ, ಕಟ್ಟಡ ತೆಳ್ಳಗಾಗಿ ಎತ್ತರವಾಗುತ್ತದೆಯೇ ಹೊರತು ಮನೆಗಳ ಸಂಖ್ಯೆ ಬಹಳ ಹೆಚ್ಚುವುದಿಲ್ಲ. ಆದ್ದರಿಂದ ಕರಡಿನ ಅನುಬಂಧದಲ್ಲಿರುವ ಕೋಷ್ಟಕವನ್ನು ತರಿಸಿಕೊಂಡು ಓದಿ. ಪತ್ರಿಕೆಗಳಲ್ಲಿ ಬರುವುದು ಅಂತಸ್ತಿನ ಲೆಕ್ಕ, ನಿಮ್ಮ ಬೀದಿಯನ್ನು ಬದಲಾಯಿಸುವುದು ಆ ಕೋಷ್ಟಕ.

ಅನುಮತಿ ಸಿಕ್ಕ ಮರುವರ್ಷವೇ ರಸ್ತೆಯ ತುಂಬ ಆರು ಅಂತಸ್ತಿನ ಕಟ್ಟಡಗಳು ಏಳುತ್ತವೆ ಎಂಬ ಭಯ ಬಹುತೇಕ ಕಡೆ ನಿಜವಾಗಿಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ನಗರ 2016ರಲ್ಲಿ ತನ್ನ ವಸತಿ ಭೂಮಿಯ ಸುಮಾರು ಮುಕ್ಕಾಲು ಭಾಗದಲ್ಲಿ ಹೆಚ್ಚು ಸಾಂದ್ರತೆಗೆ ಅವಕಾಶ ಕೊಟ್ಟಿತು. ಮುಂದಿನ ಐದಾರು ವರ್ಷಗಳಲ್ಲಿ ಹೊಸ ಮನೆಗಳಿಗೆ ನೀಡಿದ ಅನುಮತಿಗಳು ದುಪ್ಪಟ್ಟಾದವು, ಅದೂ ಬಹುಪಾಲು ಎರಡು ಮೂರು ಅಂತಸ್ತಿನ ಸಾಲುಮನೆಗಳಾಗಿ. ಇದಕ್ಕೆ ವ್ಯತಿರಿಕ್ತವಾಗಿ ಅಮೆರಿಕದ ಶಿಕಾಗೊ ನಗರ 2013 ಮತ್ತು 2015ರಲ್ಲಿ ರೈಲು ನಿಲ್ದಾಣಗಳ ಅಕ್ಕಪಕ್ಕದ ಜಾಗಗಳಿಗೆ ಮಾತ್ರ ಹೆಚ್ಚಿನ ಸಾಂದ್ರತೆ ಕೊಟ್ಟಾಗ, ಐದು ವರ್ಷಗಳ ಅವಧಿಯಲ್ಲಿ ಭೂಮಿಯ ಬೆಲೆ ಏರಿದ್ದು ಕಂಡುಬಂತೇ ಹೊರತು ಕಟ್ಟಡ ನಿರ್ಮಾಣ ಹೆಚ್ಚಿದ್ದು ಕಾಣಲಿಲ್ಲ. ಅದೇ ದೇಶದ ಮಿನಿಯಾಪೊಲಿಸ್ ನಗರಸಭೆ 2018ರ ಡಿಸೆಂಬರಿನಲ್ಲಿ ಪ್ರತಿ ನಿವೇಶನದಲ್ಲಿ ಮೂರು ಮನೆಗಳಿಗೆ ಅನುಮತಿ ಕೊಟ್ಟು ಸುದ್ದಿಯಾಯಿತು, ಆದರೆ ಹಾಗೆ ಕಟ್ಟಿದ ಮೂರು ಮನೆಗಳ ಕಟ್ಟಡಗಳು ಬೆರಳೆಣಿಕೆಯಷ್ಟು. ಅಲ್ಲಿನ ಹೊಸ ಮನೆಗಳಲ್ಲಿ ಬಹುಪಾಲು ಬಂದದ್ದು ಮುಖ್ಯರಸ್ತೆಗಳ ಪಕ್ಕದ ದೊಡ್ಡ ಕಟ್ಟಡಗಳಲ್ಲಿ.

ಈ ವ್ಯತ್ಯಾಸಕ್ಕೆ ಕಾರಣ ಸರಳವಾಗಿದೆ. ಜಾಗದ ಬೆಲೆ, ಕಟ್ಟುವ ವೆಚ್ಚ ಮತ್ತು ಸಾಲದ ಬಡ್ಡಿ ಸೇರಿ ಆಗುವ ಮೊತ್ತಕ್ಕಿಂತ ಮಾರಾಟದ ಬೆಲೆ ಹೆಚ್ಚಿದ್ದರೆ ಮಾತ್ರ ಕಟ್ಟಡ ಏಳುತ್ತದೆ. ಕೆಲವೇ ನಿವೇಶನಗಳಿಗೆ ಹೆಚ್ಚಿನ ಅವಕಾಶ ಕೊಟ್ಟಾಗ ಆ ನಿವೇಶನಗಳ ಮಾಲೀಕರು ಬೆಲೆ ಏರಿಸಿ ಕಾಯುತ್ತಾರೆ. ವಿಶಾಲವಾದ ಪ್ರದೇಶಕ್ಕೆ ಕೊಟ್ಟಾಗ ಮಾರುವವರು ಅನೇಕರಾಗುವುದರಿಂದ ಯಾರೊಬ್ಬರೂ ಹಾಗೆ ಕಾದು ಕೂರಲಾಗುವುದಿಲ್ಲ. ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು, ಆದರೆ ನಿಮ್ಮೊಂದು ರಸ್ತೆಗೆ ಮಾತ್ರ ಆರು ಅಂತಸ್ತು ಕೊಡುವುದಕ್ಕಿಂತ ನಗರದ ಎಲ್ಲ ಮುಖ್ಯರಸ್ತೆಗಳಿಗೂ ನಾಲ್ಕು ಅಂತಸ್ತು ಕೊಡುವುದು ನಿಮಗೂ ಹಿತ, ಮನೆ ಹುಡುಕುವವರಿಗೂ ಹಿತ. ಒತ್ತಡ ಒಂದೇ ಕಡೆ ಬೀಳದೆ ಹಂಚಿಹೋಗುತ್ತದೆ.

ವಾಹನ ನಿಲುಗಡೆಯ ನಿಯಮವನ್ನು ಇಲ್ಲಿ ಮರೆಯಬಾರದು. ಒಂದು ಕಾರು ನಿಲ್ಲುವುದಕ್ಕೂ ಒಳಬಂದು ಹೊರಹೋಗುವ ದಾರಿಗೂ ಸೇರಿ 25ರಿಂದ 30 ಚದರ ಮೀಟರ್ ಜಾಗ ಬೇಕು, ಅಂದರೆ ಒಂದು ಸಣ್ಣ ಮನೆಯಷ್ಟು. ಪ್ರತಿ ಮನೆಗೂ ಎರಡು ಕಾರುಗಳ ಜಾಗ ಕಡ್ಡಾಯವಾಗಿದ್ದರೆ ಒಳರಸ್ತೆಯ ನಿವೇಶನದಲ್ಲಿ ಮೂರು ಮನೆಗಳ ಅನುಮತಿ ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿಯುತ್ತದೆ. ಅಮೆರಿಕದ ಬಫಲೋ ನಗರ 2017ರಲ್ಲಿಯೇ ನಗರವಿಡೀ ಈ ಕನಿಷ್ಠ ಪ್ರಮಾಣವನ್ನು ತೆಗೆದುಹಾಕಿತು. ಹಾಗೆ ತೆಗೆದಾಗ ಬೀದಿಬದಿಯ ನಿಲುಗಡೆಗೆ ಪರವಾನಗಿಯೋ ಶುಲ್ಕವೋ ಜೊತೆಯಲ್ಲಿ ಬರದಿದ್ದರೆ ನಿಮ್ಮ ಗೇಟಿನ ಮುಂದೆ ಜಗಳ ಆರಂಭವಾಗುವುದು ಖಂಡಿತ. ಪ್ರಸ್ತಾವದಲ್ಲಿ ಇವೆರಡೂ ಇವೆಯೇ ಎಂದು ನೋಡಿ.

ಮನೆಯ ಬೆಲೆಯ ಬಗ್ಗೆ ನೀವು ಕೇಳಿದ್ದೀರಿ. ನಾವು ಒಂದೇ ಮೊತ್ತವಾಗಿ ಕಾಣುವ ಬೆಲೆಯಲ್ಲಿ ಎರಡು ಭಾಗಗಳಿವೆ, ಜಾಗದ ಬೆಲೆ ಮತ್ತು ಕಟ್ಟಡದ ಬೆಲೆ. ಒಂದು ಮನೆಯ ಬದಲು ಮೂರು ಮನೆ ಕಟ್ಟುವ ಹಕ್ಕು ಸಿಕ್ಕಾಗ ಜಾಗದ ಬೆಲೆ ಸಾಮಾನ್ಯವಾಗಿ ಏರುತ್ತದೆ. ಬೀಳುತ್ತದೆ ಎಂಬುದು ತಪ್ಪು ಕಲ್ಪನೆ. ಮುಖ್ಯರಸ್ತೆಗೆ ಬೆನ್ನು ಹಾಕಿ ನಿಂತ ಮನೆಗಳ ಸ್ಥಿತಿ ಮಾತ್ರ ಬೇರೆ. ಹಿತ್ತಲಿನ ಬಿಸಿಲು, ಕಿಟಕಿಯ ಮರೆ ಇವು ನಿಜವಾಗಿ ಹೋಗಬಹುದು, ಅದಕ್ಕೆ ಪರಿಹಾರವೂ ಇದೆ: ಹಿಂಬದಿಯ ಗಡಿಯಿಂದ ಮೇಲಿನ ಅಂತಸ್ತುಗಳನ್ನು ಹಂತಹಂತವಾಗಿ ದೂರ ಸರಿಸಬೇಕೆಂಬ ನಿಯಮ. ಮೇಲೇರಿದಂತೆ ಕಟ್ಟಡ ಹಿಂದೆ ಸರಿಯಬೇಕೆಂಬುದೇ 1916ರ ನ್ಯೂಯಾರ್ಕ್ ನಿಯಮದ ತಿರುಳಾಗಿತ್ತು, ಅಲ್ಲಿ ಮುಖ್ಯವಾಗಿ ಬೀದಿಯ ಕಡೆಯಿಂದ. ನಿಮ್ಮ ಮನೆ ಆ ಸಾಲಿನಲ್ಲಿದ್ದರೆ ಇದೊಂದನ್ನು ಬಿಡದೆ ಕೇಳಿ.

ಇನ್ನು ಬಾಡಿಗೆಯ ಮಾತು. ಹೊಸ ಕಟ್ಟಡ ಬಂದರೆ ಸುತ್ತಲಿನ ಬಾಡಿಗೆಯೆಲ್ಲ ಏರುತ್ತದೆ ಎಂದು ಅನೇಕರು ಪ್ರಾಮಾಣಿಕವಾಗಿ ನಂಬುತ್ತಾರೆ, ಏಕೆಂದರೆ ಹೊಸ ಕಟ್ಟಡಗಳೂ ಏರುವ ಬಾಡಿಗೆಯೂ ಒಂದೇ ಬೀದಿಯಲ್ಲಿ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಆದರೆ ಅಮೆರಿಕದ ಹಲವು ನಗರಗಳ ಕಡಿಮೆ ಆದಾಯದ ಬಡಾವಣೆಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದು, ಹೊಸ ದೊಡ್ಡ ಕಟ್ಟಡದ ಹತ್ತಿರದ ಬಾಡಿಗೆಗಳು ಅದು ಬಾರದೆ ಇದ್ದಿದ್ದರೆ ಇರುತ್ತಿದ್ದುದಕ್ಕಿಂತ ಶೇ 5ರಿಂದ 7ರಷ್ಟು ಕಡಿಮೆಯಾಗಿದ್ದವು ಎಂದು ತೋರಿಸಿದೆ. ಹಳೆಯ, ಅಗ್ಗದ ಬಾಡಿಗೆ ಮನೆಗಳನ್ನೇ ಕೆಡವಿ ಹೊಸದನ್ನು ಕಟ್ಟಿದಾಗ ಮಾತ್ರ ಅಲ್ಲಿದ್ದ ಕುಟುಂಬಗಳಿಗೆ ಆಗುವ ನಷ್ಟವನ್ನು ಯಾವ ಸರಾಸರಿಯೂ ತುಂಬಿಕೊಡಲಾರದು. ಮುಖ್ಯರಸ್ತೆಯಲ್ಲಿ ಅಂತಹ ಮನೆಗಳಿದ್ದರೆ ಆ ಬಾಡಿಗೆದಾರರಿಗೆ ಪರಿಹಾರ ಮತ್ತು ಮರಳಿ ಬರುವ ಹಕ್ಕು ನಿಯಮದಲ್ಲಿಯೇ ಬರೆದಿರಬೇಕು. ಅವರು ಅಹವಾಲು ಸಭೆಗೆ ಬರುವುದು ಅಪರೂಪ. ಮನೆಯ ಮಾಲೀಕರಾದ ನೀವು ಅವರ ಪರವಾಗಿ ಒಂದು ಮಾತು ಆಡಿದರೆ ಅದಕ್ಕೆ ತೂಕವಿರುತ್ತದೆ.

ಜಾಗದ ಬೆಲೆ ಏರಿದರೆ ಆಸ್ತಿ ತೆರಿಗೆಯೂ ಏರಬಹುದೇ ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕಾಗಿತ್ತು. ಮಾರುಕಟ್ಟೆ ಬೆಲೆಯ ಆಧಾರದ ಮೇಲೆ ತೆರಿಗೆ ಹಾಕುವ ಊರುಗಳಲ್ಲಿ, ನೀವು ಒಂದು ಇಟ್ಟಿಗೆಯನ್ನೂ ಇಡದಿದ್ದರೂ ಕಟ್ಟಬಹುದಾದ ಮೂರು ಮನೆಗಳ ಬೆಲೆ ನಿಮ್ಮ ಮೌಲ್ಯಮಾಪನದಲ್ಲಿ ಸೇರಿಕೊಳ್ಳಬಹುದು. ಸ್ವಂತಕ್ಕೆ ವಾಸಿಸುವ ಮನೆಗೆ ಸದ್ಯದ ಬಳಕೆಯ ಆಧಾರದ ಮೇಲೆ ಮೌಲ್ಯ ಕಟ್ಟುವುದು, ಇಲ್ಲವೇ ಹೆಚ್ಚಾದ ತೆರಿಗೆಯನ್ನು ಹಿರಿಯ ನಾಗರಿಕರು ಮನೆ ಮಾರುವವರೆಗೆ ಮುಂದೂಡಲು ಬಿಡುವುದು ಇದಕ್ಕೆ ಇರುವ ದಾರಿಗಳು. ಎರಡರಲ್ಲಿ ಮುಂದೂಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಯಾರೂ ಮನೆ ಬಿಡಬೇಕಾಗುವುದಿಲ್ಲ, ನಗರಕ್ಕೆ ಬರಬೇಕಾದದ್ದೂ ಕೊನೆಗೆ ಬರುತ್ತದೆ.

ನೀರು ಮತ್ತು ಒಳಚರಂಡಿಯ ಪ್ರಶ್ನೆಗೆ ‘ತಾಳುತ್ತದೆ’ ಅಥವಾ ‘ತಾಳುವುದಿಲ್ಲ’ ಎಂಬ ಒಂದೇ ಉತ್ತರ ಇಲ್ಲ. ಸಾಂದ್ರವಾದ ಬಡಾವಣೆಯಲ್ಲಿ ಒಂದು ಮನೆಗೆ ಬೇಕಾಗುವ ಕೊಳವೆಯ ಉದ್ದ, ರಸ್ತೆಯ ಉದ್ದ ಕಡಿಮೆ. ಅದೇ ಜನ ಊರಾಚೆಗಿನ ಹೊಸ ಬಡಾವಣೆಗಳಿಗೆ ಹೋದರೆ ಅಲ್ಲಿಗೆ ಹೊಸದಾಗಿ ಎಲ್ಲವನ್ನೂ ಎಳೆದು ಮುಂದಿನ ಐವತ್ತು ವರ್ಷ ದುರಸ್ತಿ ಮಾಡುತ್ತಿರಬೇಕಾಗುತ್ತದೆ. ಅಲ್ಲದೆ, ಹಿಂದೆ ಆರು ಜನರಿದ್ದ ಮನೆಯಲ್ಲಿ ಈಗ ಇಬ್ಬರು ಉಳಿದಿರುವ ಹಳೆಯ ಬಡಾವಣೆಗಳಲ್ಲಿ, ಮನೆಗಳ ಸಂಖ್ಯೆ ಹೆಚ್ಚಿದರೂ ಒಟ್ಟು ಜನಸಂಖ್ಯೆ ಹಳೆಯ ಮಟ್ಟವನ್ನು ಬಹಳ ಕಾಲ ಮೀರದೆ ಇರಬಹುದು. ತೊಂದರೆ ಹುಟ್ಟುವುದು ಬೇರೆ ಕಡೆ. ಮುಖ್ಯ ಒಳಚರಂಡಿ ಕೊಳವೆ ತಾಳಬೇಕಾಗಿರುವುದು ದಿನದ ಸರಾಸರಿ ಹರಿವನ್ನಲ್ಲ, ಬೆಳಗಿನ ಒಂದೆರಡು ಗಂಟೆಗಳ ಗರಿಷ್ಠ ಹರಿವನ್ನು. ಮಳೆನೀರು ಒಳಚರಂಡಿಗೆ ಸೇರುವ ಊರುಗಳಲ್ಲಿ ಜೋರು ಮಳೆಯ ದಿನ ಹರಿವು ಅದಕ್ಕಿಂತಲೂ ಮೇಲೇರುತ್ತದೆ. ಅಂಗಳಗಳೆಲ್ಲ ಕಾಂಕ್ರೀಟಾದಾಗ ನೆಲಕ್ಕೆ ಇಂಗುತ್ತಿದ್ದ ನೀರು ರಸ್ತೆಗೆ ಹರಿಯುತ್ತದೆ. ತಗ್ಗಿನ ಮನೆಗಳಿಗೆ ನೀರು ನುಗ್ಗುವುದು ಇದರಿಂದ. ನೀವು ಎಂಜಿನಿಯರಿಂಗ್ ವಿಭಾಗದಿಂದ ಕೇಳಬೇಕಾದದ್ದು ಮೂರು ಸಂಗತಿಗಳು: ಈ ರಸ್ತೆಯ ಮುಖ್ಯ ಕೊಳವೆ ಗರಿಷ್ಠ ಹೊತ್ತಿನಲ್ಲಿ ಎಷ್ಟು ತುಂಬುತ್ತದೆ, ಎಷ್ಟು ಹೊಸ ಮನೆಗಳಾದ ಮೇಲೆ ಅದನ್ನು ಬದಲಿಸಬೇಕಾಗುತ್ತದೆ, ಆ ಬದಲಾವಣೆಯ ಖರ್ಚು ಯಾವ ವರ್ಷದ ಬಜೆಟ್‌ನಲ್ಲಿ ಯಾವ ಆದಾಯದಿಂದ ಬರುತ್ತದೆ. ಮೊದಲೆರಡಕ್ಕೆ ಎಂಜಿನಿಯರುಗಳು ಸಾಮಾನ್ಯವಾಗಿ ಪ್ರಾಮಾಣಿಕ ಉತ್ತರ ಕೊಡುತ್ತಾರೆ. ಮೂರನೆಯದಕ್ಕೆ ಉತ್ತರವಿಲ್ಲದ ಪ್ರಸ್ತಾವಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಆ ಮೂರನೆಯ ಪ್ರಶ್ನೆಗೆ ಬ್ರೆಜಿಲ್ ದೇಶದ ಸಾವೊ ಪೌಲೊ ನಗರ ಒಂದು ದಾರಿ ತೋರಿಸಿದೆ. ಆ ದೇಶದ 2001ರ ನಗರ ಕಾನೂನು, ಮೂಲ ಮಿತಿಗಿಂತ ಹೆಚ್ಚು ಕಟ್ಟುವ ಹಕ್ಕಿಗೆ ನಗರಗಳು ಹಣ ಪಡೆಯಲು ಅವಕಾಶ ಕೊಟ್ಟಿತು. ಸಾವೊ ಪೌಲೊ 2004ರಿಂದ ಆಯ್ದ ಪ್ರದೇಶಗಳಲ್ಲಿ ಹೆಚ್ಚುವರಿ ನಿರ್ಮಾಣ ಹಕ್ಕುಗಳನ್ನು ಪ್ರಮಾಣಪತ್ರಗಳ ರೂಪದಲ್ಲಿ ಹರಾಜು ಹಾಕಿತು, ಬಂದ ಹಣವನ್ನು ಆಯಾ ಪ್ರದೇಶದೊಳಗಿನ ಕಾಮಗಾರಿಗಳಿಗೇ ಬಳಸಬೇಕೆಂದು ನಿಯಮ ಮಾಡಿತು. ಇದರಲ್ಲಿ ಅಪಾಯಗಳಿಲ್ಲವೆಂದಲ್ಲ. ಹಕ್ಕಿಗೆ ಬೆಲೆ ಬರುವುದು ಬೇಡಿಕೆ ಹೆಚ್ಚಿರುವ ಕಡೆ ಮಾತ್ರ, ಹಾಗಾಗಿ ಹಣವೂ ಅನುಕೂಲಸ್ಥ ಬಡಾವಣೆಗಳಲ್ಲಿಯೇ ಸುತ್ತುತ್ತದೆ. ಬೇಡಿಕೆ ಕಡಿಮೆಯಿರುವ ಊರಿನಲ್ಲಿ ಶುಲ್ಕ ಹೆಚ್ಚಿಟ್ಟರೆ ಏನನ್ನೂ ಯಾರೂ ಕಟ್ಟುವುದಿಲ್ಲ. ಆದರೂ ತತ್ವ ಸರಿಯಾದದ್ದು. ನಗರಸಭೆಯ ಒಂದು ನಿರ್ಣಯದಿಂದ ಜಾಗದ ಬೆಲೆ ಏರಿದರೆ, ಆ ಏರಿಕೆಯಲ್ಲಿ ಒಂದು ಪಾಲು ಕೊಳವೆ, ಕಾಲುದಾರಿಗಳಿಗೆ ಬರಬೇಕೆಂದು ಕೇಳುವುದು ಅನ್ಯಾಯವಲ್ಲ.

ಈಗ ತೆರಿಗೆ ವಿನಾಯಿತಿಗೆ ಬರೋಣ. ಕಂಪನಿ ಕಟ್ಟದ ತೆರಿಗೆಯನ್ನು ನೀವು ಕಟ್ಟಬೇಕಾಗುತ್ತದೆಯೇ ಎಂಬುದು ನಿಮ್ಮ ಊರಿನ ತೆರಿಗೆ ಪದ್ಧತಿಯ ಮೇಲೆ ನಿಂತಿದೆ. ಕೆಲವು ಕಡೆ ನಗರಸಭೆ ಮೊದಲು ಇಷ್ಟು ಹಣ ಬೇಕೆಂದು ತೀರ್ಮಾನಿಸಿ, ಅದನ್ನು ಎಲ್ಲ ಆಸ್ತಿಗಳ ಮೇಲೆ ಅವುಗಳ ಮೌಲ್ಯಕ್ಕೆ ತಕ್ಕಂತೆ ಹಂಚುತ್ತದೆ. ಅಲ್ಲಿ ಒಂದು ದೊಡ್ಡ ಆಸ್ತಿಯನ್ನು ಹೊರಗಿಟ್ಟರೆ ಅದರ ಪಾಲು ನೇರವಾಗಿ ಉಳಿದವರ ಮೇಲೆ ಬೀಳುತ್ತದೆ. ಇನ್ನು ಕೆಲವು ಕಡೆ ದರ ನಿಗದಿಯಾಗಿರುತ್ತದೆ. ಅಲ್ಲಿ ನಿಮ್ಮ ಬಿಲ್ ಏರುವುದಿಲ್ಲ, ಆದರೆ ಬರಬೇಕಾದ ಆದಾಯ ಬಾರದೆ ಕಸ ವಿಲೇವಾರಿಯೋ ರಸ್ತೆ ದುರಸ್ತಿಯೋ ಸದ್ದಿಲ್ಲದೆ ಸೊರಗುತ್ತದೆ. ಎರಡನೆಯದು ಕಣ್ಣಿಗೆ ಬೀಳದಿರುವುದರಿಂದ ಸದಸ್ಯರಿಗೆ ಸುಲಭ, ಊರಿಗೆ ಹೆಚ್ಚು ಹಾನಿಕರ.

ವಿನಾಯಿತಿಯನ್ನು ಸಮರ್ಥಿಸುವವರು, ಕಂಪನಿ ಬಾರದೇ ಹೋಗಿದ್ದರೆ ಆ ತೆರಿಗೆ ಹೇಗೂ ಬರುತ್ತಿರಲಿಲ್ಲ, ಆದ್ದರಿಂದ ನಷ್ಟವೇನೂ ಇಲ್ಲ ಎನ್ನುತ್ತಾರೆ. ವಿನಾಯಿತಿ ಇಲ್ಲದಿದ್ದರೆ ಕಂಪನಿ ನಿಜಕ್ಕೂ ಬರುತ್ತಿರಲಿಲ್ಲ ಎಂಬುದು ಖಚಿತವಾದರೆ ಮಾತ್ರ ಈ ವಾದ ನಿಲ್ಲುತ್ತದೆ. ಈ ವಿಷಯವನ್ನು ದಶಕಗಳಿಂದ ಅಭ್ಯಸಿಸಿರುವ ಅರ್ಥಶಾಸ್ತ್ರಜ್ಞ ಟಿಮೊಥಿ ಬಾರ್ಟಿಕ್, ಲಭ್ಯವಿರುವ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ 2018ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ಸಾಮಾನ್ಯ ಗಾತ್ರದ ರಿಯಾಯಿತಿಗಳು ಕಂಪನಿಯ ತೀರ್ಮಾನವನ್ನು ನಿಜವಾಗಿ ಬದಲಿಸುವುದು ಶೇ 2ರಿಂದ 25ರಷ್ಟು ಪ್ರಕರಣಗಳಲ್ಲಿ ಮಾತ್ರ. ಉಳಿದವು ನುರಿತ ಕೆಲಸಗಾರರು, ರಸ್ತೆ, ವಿದ್ಯುತ್, ಗಿರಾಕಿಗಳ ಸಾಮೀಪ್ಯ ಇವುಗಳನ್ನು ನೋಡಿಯೇ ಬರುತ್ತಿದ್ದವು. ಅಮೆಜಾನ್ 2017ರಲ್ಲಿ ಎರಡನೇ ಕೇಂದ್ರ ಕಚೇರಿಗೆ ಸ್ಥಳ ಹುಡುಕುತ್ತೇವೆಂದಾಗ 238 ಊರು, ಪ್ರದೇಶಗಳು ಅರ್ಜಿ ಹಾಕಿದವು. ಮೇರಿಲ್ಯಾಂಡ್ ರಾಜ್ಯ ಸುಮಾರು 850 ಕೋಟಿ ಡಾಲರ್, ನ್ಯೂಜೆರ್ಸಿ ರಾಜ್ಯದ ನ್ಯೂಆರ್ಕ್ ನಗರ ಸುಮಾರು 700 ಕೋಟಿ ಡಾಲರ್ ಮೌಲ್ಯದ ಕೊಡುಗೆ ಮುಂದಿಟ್ಟವು. ಕಂಪನಿ ಆರಿಸಿಕೊಂಡದ್ದು ಇದಕ್ಕಿಂತ ಬಹಳ ಕಡಿಮೆ ಕೊಡುಗೆಯಿದ್ದ, ಆದರೆ ತಂತ್ರಜ್ಞರು ಹೇರಳವಾಗಿದ್ದ ನ್ಯೂಯಾರ್ಕ್ ಮತ್ತು ಉತ್ತರ ವರ್ಜೀನಿಯಾಗಳನ್ನು; ಅವುಗಳಲ್ಲಿಯೂ ನ್ಯೂಯಾರ್ಕನ್ನು 2019ರ ಫೆಬ್ರವರಿಯಲ್ಲಿ ಕೈಬಿಟ್ಟಿತು.

ನಿಮ್ಮ ಪತಿಯವರ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಇದು: ಬರಲಿರುವ ಕಂಪನಿಯ ಗಿರಾಕಿಗಳು ಎಲ್ಲಿಯವರು? ಊರ ಹೊರಗೆ ಮಾರುವ ಉದ್ಯಮವಾದರೆ ಹೊರಗಿನ ಹಣ ಊರೊಳಗೆ ಬರುತ್ತದೆ, ಮುದ್ರಣಾಲಯಕ್ಕೂ ಕೆಲಸ ಸಿಗಬಹುದು. ಊರಿನವರಿಗೇ ಮಾರುವ ಮಳಿಗೆಯೋ ಹೋಟೆಲೋ ಆದರೆ ಇರುವ ವ್ಯಾಪಾರ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಗುತ್ತದೆ ಅಷ್ಟೆ, ಅದೂ ತೆರಿಗೆ ಕಟ್ಟುವವರಿಂದ ತೆರಿಗೆ ಕಟ್ಟದವರ ಕಡೆಗೆ. ಇಂತಹ ವಿನಾಯಿತಿಯನ್ನು ನಾನು ಯಾವ ನಗರಸಭೆಗೂ ಶಿಫಾರಸು ಮಾಡಲಾರೆ. ಸಾವಿರಾರು ಕಂಪ್ಯೂಟರುಗಳನ್ನು ಇಟ್ಟು ನಡೆಸುವ ಡೇಟಾ ಸೆಂಟರ್ ಆಗಿದ್ದರೆ ಲೆಕ್ಕ ಇನ್ನೊಂದು ಬಗೆಯದು: ಹೂಡಿಕೆಯ ಮೊತ್ತ ದೊಡ್ಡದು, ವಿದ್ಯುತ್ ಮತ್ತು ನೀರಿನ ಬಳಕೆ ದೊಡ್ಡದು, ಕಾಯಂ ಉದ್ಯೋಗಗಳು ಕೆಲವೇ. ಅಲ್ಲಿ ಊರಿಗೆ ಸಿಗುವ ಮುಖ್ಯ ಲಾಭವೇ ಆಸ್ತಿ ತೆರಿಗೆ. ಅದನ್ನೇ ಬಿಟ್ಟುಕೊಟ್ಟರೆ ಏನು ಉಳಿಯಿತು? ಅಕ್ಕಪಕ್ಕದ ಊರುಗಳ ಪೈಪೋಟಿಯೂ ಇಷ್ಟೇ ವ್ಯರ್ಥ. ಕಾನ್ಸಸ್ ಸಿಟಿಯ ನಡುವೆ ಹಾದುಹೋಗುವ ಗಡಿಯ ಆಚೀಚೆ ಕಾನ್ಸಸ್ ಮತ್ತು ಮಿಸ್ಸೂರಿ ರಾಜ್ಯಗಳು ವರ್ಷಗಟ್ಟಲೆ ಒಂದರ ಕಂಪನಿಗಳನ್ನು ಇನ್ನೊಂದು ರಿಯಾಯಿತಿ ಕೊಟ್ಟು ಸೆಳೆದುಕೊಂಡು, ಕೊನೆಗೆ 2019ರಲ್ಲಿ ಪರಸ್ಪರ ಒಪ್ಪಿ ಅದನ್ನು ನಿಲ್ಲಿಸಿದವು.

ಹಣ ಯಾವಾಗ ಕೈಬಿಟ್ಟು ಹೋಗುತ್ತದೆ ಎಂಬುದು ಎಷ್ಟು ಹೋಗುತ್ತದೆ ಎಂಬಷ್ಟೇ ಮುಖ್ಯ. ವಿಸ್ಕಾನ್ಸಿನ್ ರಾಜ್ಯ 2017ರಲ್ಲಿ ಎಲೆಕ್ಟ್ರಾನಿಕ್ಸ್ ತಯಾರಿಸುವ ಫಾಕ್ಸ್‌ಕಾನ್ ಕಂಪನಿಯೊಂದಿಗೆ 13,000 ಉದ್ಯೋಗಗಳ ಭರವಸೆಯ ಮೇಲೆ ಸುಮಾರು 300 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ಯೋಜನೆ ಕುಗ್ಗಿತು, 2021ರಲ್ಲಿ ಒಪ್ಪಂದವನ್ನು 1,454 ಉದ್ಯೋಗಗಳಿಗೆ, ಗರಿಷ್ಠ 8 ಕೋಟಿ ಡಾಲರ್‌ಗಳಿಗೆ ಇಳಿಸಿ ಮತ್ತೆ ಬರೆಯಲಾಯಿತು. ರಾಜ್ಯದ ಹಣ ಬಹುಪಾಲು ಉಳಿಯಿತು, ಏಕೆಂದರೆ ಅದು ಉದ್ಯೋಗ ಸೃಷ್ಟಿಯಾದ ಮೇಲೆ ಕೊಡಬೇಕಾದ ಹಣವಾಗಿತ್ತು. ಮೌಂಟ್ ಪ್ಲೆಸೆಂಟ್ ಎಂಬ ಅಲ್ಲಿನ ಸ್ಥಳೀಯ ಆಡಳಿತ ಮಾತ್ರ ಜಾಗ ಕೊಳ್ಳಲು, ರಸ್ತೆ ಮತ್ತು ನೀರಿನ ಸೌಕರ್ಯ ಮಾಡಲು ಮೊದಲೇ ಸಾಲ ತೆಗೆದು ಖರ್ಚು ಮಾಡಿಯಾಗಿತ್ತು. ನಂತರ ಮೈಕ್ರೋಸಾಫ್ಟ್ ಅಲ್ಲಿ ಜಾಗ ಕೊಂಡಿತು ಎಂಬುದು ಆ ಊರಿನ ಅದೃಷ್ಟ. ಅದೃಷ್ಟವನ್ನು ನಂಬಿ ಯಾವ ಬಜೆಟ್ಟನ್ನೂ ಬರೆಯಲಾಗದು. ನಿಮ್ಮ ನಗರಸಭೆಯ ಕರಡಿನಲ್ಲಿ ವಿನಾಯಿತಿ ಮೊದಲ ದಿನದಿಂದಲೇ ಇದ್ದು, ಕಂಪನಿ ಮಾತು ತಪ್ಪಿದರೆ ವಸೂಲಿ ಮಾಡುತ್ತೇವೆ ಎಂಬ ಷರತ್ತಿದ್ದರೆ ಅದನ್ನು ತಿರುಗಿಸಿ ಬರೆಸಿ: ಕಂಪನಿ ಮೊದಲು ತೆರಿಗೆ ಕಟ್ಟಲಿ, ಹೇಳಿದಷ್ಟು ಜನರಿಗೆ ಹೇಳಿದಷ್ಟು ಸಂಬಳ ಕೊಟ್ಟ ದಾಖಲೆ ತೋರಿಸಿದ ವರ್ಷ ಒಂದು ಭಾಗವನ್ನು ಹಿಂದಕ್ಕೆ ಪಡೆಯಲಿ. ಬಿಟ್ಟುಕೊಟ್ಟದ್ದನ್ನು ವಸೂಲಿ ಮಾಡುವುದಕ್ಕೆ ನ್ಯಾಯಾಲಯ ಬೇಕು, ಕೊಡದೆ ಇರುವುದಕ್ಕೆ ಒಂದು ಪತ್ರ ಸಾಕು.

ಎರಡೂ ನಿರ್ಣಯಗಳು ಕೂಡುವ ಜಾಗಕ್ಕೆ ಈಗ ಬರುತ್ತೇನೆ. ಇದನ್ನು ನೆರೆಹೊರೆಯವರಿಗೆ ದಯವಿಟ್ಟು ವಿವರಿಸಿ. ಆ ಹಳೆಯ ಕಾರ್ಖಾನೆಯ ಜಾಗ ಹೊಸ ವಲಯ ನಿಯಮದಿಂದ ಹೆಚ್ಚು ಕಟ್ಟುವ ಹಕ್ಕನ್ನು ಪಡೆಯುತ್ತದೆ, ಅದರ ಮೇಲೆ ತೆರಿಗೆ ವಿನಾಯಿತಿಯನ್ನೂ ಪಡೆಯುತ್ತದೆ. ಒಂದೇ ಜಾಗಕ್ಕೆ ಎರಡು ಉಡುಗೊರೆಗಳು. ಮಾರಾಟ ಇನ್ನೂ ಮುಗಿದಿಲ್ಲವಾದರೆ ಇವೆರಡೂ ಕೊಳ್ಳುವ ಕಂಪನಿಗೂ ಪೂರ್ತಿ ದಕ್ಕುವುದಿಲ್ಲ. ವಿನಾಯಿತಿ ಸಿಗುತ್ತದೆಂದು ಗೊತ್ತಾದ ಕೂಡಲೇ ಮಾರುವವರು ಅಷ್ಟು ಬೆಲೆ ಏರಿಸುತ್ತಾರೆ, ನಗರ ಬಿಟ್ಟುಕೊಟ್ಟ ತೆರಿಗೆಯಲ್ಲಿ ದೊಡ್ಡ ಪಾಲು ಹಳೆಯ ಮಾಲೀಕರ ಜೇಬಿಗೆ ಹೋಗುತ್ತದೆ. ಅವರು ಊರಿಗೆ ಒಂದು ಉದ್ಯೋಗವನ್ನೂ ತರುವವರಲ್ಲ. ಇತ್ತ ಹೊಸ ಕಟ್ಟಡಗಳಿಗೆ ಕೊಳವೆ, ಚರಂಡಿ, ಕಾಲುದಾರಿ ಬೇಕಾಗುವುದು ಮೊದಲ ಹತ್ತು ವರ್ಷಗಳಲ್ಲಿ, ವಿನಾಯಿತಿ ಇರುವುದೂ ಅದೇ ಹತ್ತು ವರ್ಷಗಳಲ್ಲಿ.

ಹಳೆಯ ರಿಯಾಯಿತಿಗಳು ಸಾಯುವುದೂ ಕಷ್ಟ. ನ್ಯೂಯಾರ್ಕಿನಲ್ಲಿ 421-ಎ ಎಂದು ಕರೆಯಲಾಗುತ್ತಿದ್ದ ಹೊಸ ವಸತಿ ಕಟ್ಟಡಗಳ ತೆರಿಗೆ ರಿಯಾಯಿತಿಯನ್ನು 1971ರಲ್ಲಿ ತಂದದ್ದು ಜನ ನಗರ ಬಿಟ್ಟು ಹೋಗುತ್ತಿದ್ದ ಕಾಲದಲ್ಲಿ. ಜಾಗದ ಬೆಲೆ ಮುಗಿಲು ಮುಟ್ಟಿದ ಮೇಲೂ ಅದು ಹಲವು ರೂಪಗಳಲ್ಲಿ ಉಳಿದು, 2022ರಲ್ಲಿ ಮುಗಿದು, 2024ರಲ್ಲಿ ಬೇರೆ ಹೆಸರಿನಿಂದ ಮರಳಿತು. ಫಿಲಡೆಲ್ಫಿಯಾ ಹೆಚ್ಚು ವಿವೇಕದಿಂದ ನಡೆದುಕೊಂಡಿತು. ಅಲ್ಲಿ ಹೊಸ ಮನೆಗಳಿಗೆ ಹತ್ತು ವರ್ಷ ಪೂರ್ಣ ವಿನಾಯಿತಿ ಇತ್ತು, ಆಸ್ತಿ ತೆರಿಗೆಯ ದೊಡ್ಡ ಪಾಲನ್ನು ಅವಲಂಬಿಸಿದ್ದ ಸಾರ್ವಜನಿಕ ಶಾಲೆಗಳಿಗೆ ಅದು ಹೊರೆಯಾಗಿತ್ತು. 2022ರಿಂದ ಆ ವಿನಾಯಿತಿಯನ್ನು ವರ್ಷಕ್ಕೆ ಶೇ 10ರಂತೆ ಇಳಿಯುವ ಹಾಗೆ ಮಾರ್ಪಡಿಸಲಾಯಿತು.

ಹಾಗಾದರೆ ಎರಡನ್ನೂ ವಿರೋಧಿಸಬೇಕೇ? ವಿರೋಧಿಸಿ ಗೆದ್ದರೆ ಕಾರ್ಖಾನೆಯ ಜಾಗ ಇನ್ನೂ ಹಲವು ವರ್ಷ ಪಾಳು ಬಿದ್ದಿರಬಹುದು, ಹೊಸ ಮನೆಗಳು ಊರಾಚೆಗೆ ಹೋಗಬಹುದು, ಅಲ್ಲಿಗೆ ಎಳೆಯುವ ಕೊಳವೆಗಳ ಖರ್ಚಿನಲ್ಲಿ ನಿಮ್ಮ ಪಾಲೂ ಇರುತ್ತದೆ. ಎರಡನ್ನೂ ಹಾಗೆಯೇ ಒಪ್ಪಿದರೆ ಮೇಲೆ ಹೇಳಿದ ಹಾನಿಗಳೆಲ್ಲ ಬರುತ್ತವೆ. ನಾನು ನಿಮ್ಮ ಸ್ಥಾನದಲ್ಲಿದ್ದರೆ ವಲಯ ತಿದ್ದುಪಡಿಯನ್ನು ಬೆಂಬಲಿಸುತ್ತಿದ್ದೆ, ಹಿಂಬದಿಯ ಗಡಿಯಿಂದ ಮೇಲಿನ ಅಂತಸ್ತುಗಳನ್ನು ದೂರ ಸರಿಸುವ ನಿಯಮ, ಬಾಡಿಗೆದಾರರ ರಕ್ಷಣೆ, ಕೊಳವೆಗಳಿಗೆ ಹಣದ ಮೂಲ ಈ ಮೂರನ್ನು ಸೇರಿಸಬೇಕೆಂಬ ಷರತ್ತಿನೊಂದಿಗೆ. ತೆರಿಗೆ ವಿನಾಯಿತಿಯನ್ನು ಅದು ಈಗಿರುವ ರೂಪದಲ್ಲಿ ವಿರೋಧಿಸುತ್ತಿದ್ದೆ. ನಗರಸಭೆಗೆ ಕಂಪನಿಯನ್ನು ಕರೆತರಲೇಬೇಕೆಂಬ ಆಸೆಯಿದ್ದರೆ ಆ ಹಣದ ಒಂದು ಭಾಗದಲ್ಲಿ ಕಾರ್ಖಾನೆಯ ಜಾಗದ ಕಲುಷಿತ ಮಣ್ಣನ್ನು ಶುದ್ಧಿ ಮಾಡಲಿ, ರಸ್ತೆಯನ್ನು ಸರಿಪಡಿಸಲಿ. ಕಂಪನಿ ನಾಳೆ ಹೊರಟುಹೋದರೂ ಅವು ಊರಿನಲ್ಲಿ ಉಳಿಯುತ್ತವೆ. ರಿಯಾಯಿತಿ ಕೊಡಲೇಬೇಕಾದರೆ, ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ ಕೆಲಸಗಾರರನ್ನು ಹೆಚ್ಚಿಸುವ ಯಾವ ಉದ್ಯಮಕ್ಕೂ, ಗಾತ್ರ ನೋಡದೆ, ಒಂದೇ ನಿಯಮದಡಿ ಸಿಗುವಂತಿರಲಿ. ಆಗ ಮುದ್ರಣಾಲಯಕ್ಕೂ ಅರ್ಜಿ ಹಾಕುವ ಹಕ್ಕಿರುತ್ತದೆ. ಇದರ ಅಪಾಯವೆಂದರೆ ಹೇಗೂ ಮಾಡುತ್ತಿದ್ದ ದುರಸ್ತಿಗೂ ಹಣ ಹೋಗುತ್ತದೆ, ಆದ್ದರಿಂದ ವಾರ್ಷಿಕ ಮಿತಿ ಬೇಕು.

ಅಹವಾಲು ಸಭೆಯಲ್ಲಿ ಒಬ್ಬೊಬ್ಬರಿಗೆ ಸಿಗುವುದು ಸಾಮಾನ್ಯವಾಗಿ ಎರಡು ಮೂರು ನಿಮಿಷ, ಅಷ್ಟರಲ್ಲಿ ಇದನ್ನೆಲ್ಲ ಹೇಳಲಾಗುವುದಿಲ್ಲ. ಬರಹದಲ್ಲಿ ಮೊದಲೇ ಸಲ್ಲಿಸಿದ ಪ್ರಶ್ನೆಗಳು ಕಡತಕ್ಕೆ ಸೇರುತ್ತವೆ, ಅಧಿಕಾರಿಗಳು ಅವುಗಳಿಗೆ ಉತ್ತರಿಸಬೇಕಾದ ಒತ್ತಡವಿರುತ್ತದೆ. ವಲಯ ತಿದ್ದುಪಡಿಯ ಕೋಷ್ಟಕ, ಎಂಜಿನಿಯರಿಂಗ್ ವಿಭಾಗದ ಸಾಮರ್ಥ್ಯ ವರದಿ, ವಿನಾಯಿತಿ ಒಪ್ಪಂದದ ಪೂರ್ಣ ಕರಡು, ಹತ್ತು ವರ್ಷಗಳಲ್ಲಿ ಬಿಟ್ಟುಕೊಡುವ ತೆರಿಗೆಯ ವರ್ಷವಾರು ಅಂದಾಜು ಇವಿಷ್ಟನ್ನು ಕೇಳಿ. ಅಮೆರಿಕದಲ್ಲಿ ಸರ್ಕಾರಿ ಲೆಕ್ಕಪತ್ರಗಳ ಮಾನದಂಡ ರೂಪಿಸುವ ಮಂಡಳಿ, ಬಿಟ್ಟುಕೊಟ್ಟ ತೆರಿಗೆಯ ಮೊತ್ತವನ್ನು ಸ್ಥಳೀಯ ಆಡಳಿತಗಳು ವಾರ್ಷಿಕ ಲೆಕ್ಕದಲ್ಲಿ ತೋರಿಸಬೇಕೆಂದು 2015ರಲ್ಲಿಯೇ ಹೇಳಿದೆ. ನಿಮ್ಮ ನಗರಸಭೆ ಅಷ್ಟನ್ನು ಕೊಡಲು ಹಿಂಜರಿದರೆ ಆ ವಿಷಯವನ್ನು ಮುಂದಿನ ಸಭೆಗೆ ಮುಂದೂಡಬೇಕೆಂದು ಕೋರಿ. ವಲಯ ತಿದ್ದುಪಡಿಯ ಮತದಾನ ಅದಕ್ಕಾಗಿ ಕಾಯಬೇಕಾಗಿಲ್ಲ, ಆದರೆ ಕಾರ್ಖಾನೆಯ ಜಾಗವೊಂದನ್ನು ಅದರಿಂದ ಸದ್ಯಕ್ಕೆ ಹೊರಗಿಡುವಂತೆ ಕೇಳಿ. ಆ ಜಾಗಕ್ಕೆ ಎಷ್ಟು ಕಟ್ಟುವ ಹಕ್ಕು ಮತ್ತು ಎಷ್ಟು ತೆರಿಗೆ ಎಂಬುದನ್ನು ಸದಸ್ಯರು ಒಂದೇ ನಿರ್ಣಯದಲ್ಲಿ ತೀರ್ಮಾನಿಸಲಿ.